ಜಿಪ್ಯಾಟ್ ಬರೆಯಲಾ ಬೇಡವಾ? ಕಡ್ಡಾಯ ಅಲ್ಲ ಅಂತಾರೆ, ತುಮಕೂರಿನ ಕಡೆಯವರು ಸ್ವಲ್ಪ ಹೇಳಿ

ತಿಪಟೂರು ಹುಡುಗಿ

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ಬಿ.ಫಾರ್ಮ್, ಅಂದರೆ ಫಾರ್ಮಸಿ ಡಿಗ್ರಿ ಓದುತ್ತಿದ್ದೇನೆ. ಏಳನೇ ಸೆಮಿಸ್ಟರ್ ಪರೀಕ್ಷೆ ಮೊನ್ನೆ ಮುಗಿಯಿತು. ಊರು ತಿಪಟೂರಿನ ಹತ್ತಿರ ಒಂದು ಹಳ್ಳಿ. ಇಲ್ಲಿ ಬಟವಾಡಿಯಲ್ಲಿ ಪಿಜಿಯಲ್ಲಿದ್ದೇನೆ.

ನಮ್ಮ ಕ್ಲಾಸಿನಲ್ಲಿ ಅರವತ್ತು ಜನ. ಜಿಪ್ಯಾಟ್ ಅಂದರೆ ಬಿ.ಫಾರ್ಮ್ ಆದ ಮೇಲೆ ಎಂ.ಫಾರ್ಮ್ ಓದುವವರಿಗೆ ಇರುವ ದೇಶಮಟ್ಟದ ಪರೀಕ್ಷೆ. ಅದನ್ನು ಬರೆಯುತ್ತೇವೆ ಅಂದವರು ಏಳೇ ಜನ. ಉಳಿದವರೆಲ್ಲ "ಅದೇನು ಕಡ್ಡಾಯನಾ? ಜಿಪ್ಯಾಟ್ ಇಲ್ಲದೆಯೂ ಎಂ.ಫಾರ್ಮ್ ಸೀಟು ಸಿಗುತ್ತೆ, ಸುಮ್ನೆ ಯಾಕೆ ತಲೆ ಕೆಡಿಸಿಕೊಳ್ಳೋದು" ಅಂತಾರೆ. ಸೀಟು ಸಿಗುವುದು ನಿಜ. ಒಂದು ಕಾಲೇಜಿನಲ್ಲಿ ವಿಚಾರಿಸಿದೆ. ಜಿಪ್ಯಾಟ್ ಕೇಳಲಿಲ್ಲ, ವರ್ಷಕ್ಕೆ ಒಂದೂವರೆ ಲಕ್ಷ ಫೀಸು ಅಂದರು ಅಷ್ಟೇ.

ಇನ್ನೊಂದು ಕಡೆ ಪೀಣ್ಯದ ಒಂದು ಕಂಪನಿಯಲ್ಲಿ ಕ್ಯೂಸಿ (ಔಷಧಿಯ ಗುಣಮಟ್ಟ ಪರೀಕ್ಷಿಸುವ ವಿಭಾಗ) ಟ್ರೈನಿ ಕೆಲಸ ಆಗಿದೆ. ಹದಿನಾರೂವರೆ ಸಾವಿರ ಸಂಬಳ. ಜುಲೈನಲ್ಲಿ ಸೇರಬೇಕು. ತಮ್ಮ ಈ ವರ್ಷ ಎರಡನೇ ಪಿಯುಸಿ, ಅವನ ಖರ್ಚೂ ಬರುತ್ತದೆ. ಅಪ್ಪ ಏನೂ ಹೇಳುವುದಿಲ್ಲ. "ಅಟ್ಟದ ಮೇಲೆ ಕೊಬ್ಬರಿ ಇದೆ, ನೀನು ಓದು" ಅನ್ನುತ್ತಾರೆ. ಆದರೆ ಆ ಕೊಬ್ಬರಿಗೆ ಎಷ್ಟು ಲೆಕ್ಕ ಕಾದು ಕೂತಿದೆ ಅಂತ ನನಗೆ ಗೊತ್ತು.

ಈಗ ಎಂಟನೇ ಸೆಮಿಸ್ಟರ್, ಪ್ರಾಜೆಕ್ಟ್ ಬೇರೆ ಇದೆ. ಎಂ.ಫಾರ್ಮ್ ಮಾಡೇ ಮಾಡುತ್ತೇನೆ ಅಂತಲೂ ಖಚಿತ ಇಲ್ಲ. ಹಾಗಿರುವಾಗ ಈ ಪರೀಕ್ಷೆಗೆ ನಾಲ್ಕು ತಿಂಗಳು ಕೊಡಬೇಕಾ? ಬರೆದವರು, ಬರೆಯದೆ ಇದ್ದವರು ಇಬ್ಬರೂ ಹೇಳಿ.

ಶಿರಾದ ಅಕ್ಕ

ತಂಗಿ, ನಾನು ಎಂ.ಫಾರ್ಮ್ ಎರಡನೇ ವರ್ಷ, ಫಾರ್ಮಸ್ಯೂಟಿಕ್ಸ್, ಬೆಂಗಳೂರಿನಲ್ಲಿ. ಜಿಪ್ಯಾಟ್ ಪಾಸಾಗಿ ಬಂದವಳು. ಮೊದಲು ದುಡ್ಡಿನ ಲೆಕ್ಕವನ್ನೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮಂಥ ಮನೆಗಳಲ್ಲಿ ಅದೇ ಮೊದಲು ಬರುವುದು.

ಜಿಪ್ಯಾಟ್ ಅರ್ಹತೆ ಪಡೆದು ಫುಲ್ ಟೈಮ್ ಎಂ.ಫಾರ್ಮ್ ಸೇರಿದರೆ ಎಐಸಿಟಿಇ (ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ) ಸ್ಕಾಲರ್‌ಶಿಪ್ ತಿಂಗಳಿಗೆ 12,400 ರೂಪಾಯಿ. 24 ತಿಂಗಳು. ಒಟ್ಟು 2,97,600. ನೀವು ಹೇಳಿದ ಎರಡು ವರ್ಷದ ಫೀಸು ಮೂರು ಲಕ್ಷ. ಹೆಚ್ಚು ಕಡಿಮೆ ಅಷ್ಟೇ ಆಯಿತಲ್ವಾ?

ನನ್ನ ಪಕ್ಕದ ಬೆಂಚಿನ ಗೆಳತಿ ನನಗಿಂತ ಚೆನ್ನಾಗಿ ಓದುವವಳು. ಬಿ.ಫಾರ್ಮ್‌ನಲ್ಲಿ ಅವಳಿಗೆ ನನಗಿಂತ ಜಾಸ್ತಿ ಮಾರ್ಕ್ಸು. "ಕಡ್ಡಾಯ ಅಲ್ಲ" ಅಂತ ಅವಳು ಬರೆಯಲಿಲ್ಲ. ಒಂದೇ ಲ್ಯಾಬ್, ಒಂದೇ ಗೈಡ್. ಮೊದಲ ಸಲ ದುಡ್ಡು ಬಂದ ದಿನ ನಾವಿಬ್ಬರೂ ಗ್ರ್ಯಾನ್ಯೂಲ್ಸ್ ಜರಡಿ ಹಿಡಿಯುತ್ತಿದ್ದೆವು. ನನ್ನ ಮೊಬೈಲ್‌ಗೆ ಬ್ಯಾಂಕಿನ ಮೆಸೇಜು ಬಂತು. ಅವಳು ಓದಿದಳು. "ಒಳ್ಳೇದಾಯ್ತು ಕಣೇ" ಅಂದು ಜರಡಿ ಅಲ್ಲಾಡಿಸುತ್ತಲೇ ಇದ್ದಳು. ಆವತ್ತು ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ಸಂಜೆ ಹೊತ್ತು ಅವಳು ಒಂದು ಮೆಡಿಕಲ್ ಶಾಪ್‌ನಲ್ಲಿ ಕೆಲಸ ಮಾಡುತ್ತಾಳೆ, ರಾತ್ರಿ ಹತ್ತಕ್ಕೆ ಹಾಸ್ಟೆಲ್‌ಗೆ ಬರುತ್ತಾಳೆ. ಆ ಪರೀಕ್ಷೆ ಬರೆದಿದ್ದರೆ ಅವಳು ಖಂಡಿತ ಪಾಸಾಗುತ್ತಿದ್ದಳು. ಅದಕ್ಕೇ ನನಗೆ ಇದು ಹೇಳಬೇಕು ಅನಿಸಿತು.

ಕುಣಿಗಲ್ ಅಂಗಡಿ

ನನ್ನದು ಇಪ್ಪತ್ತು ವರ್ಷದ ಮೆಡಿಕಲ್ ಶಾಪ್. ಒಂದು ಮಾತು ಕೇಳಮ್ಮ. ಮುಂದೆ ಏನು ಮಾಡಬೇಕು ಅಂತ ಇದೆ ನಿನಗೆ? ಸ್ವಂತ ಅಂಗಡಿ ಅಂದರೆ ಡಿ.ಫಾರ್ಮ್ ಡಿಪ್ಲೊಮಾ ಮಾಡಿ ಫಾರ್ಮಸಿ ಕೌನ್ಸಿಲ್‌ನಲ್ಲಿ ರಿಜಿಸ್ಟರ್ ಆದರೇ ಸಾಕು, ನಿನ್ನದು ಅದಕ್ಕಿಂತ ದೊಡ್ಡ ಡಿಗ್ರಿ. ಡ್ರಗ್ ಇನ್‌ಸ್ಪೆಕ್ಟರ್ ಆಗುವ ಆಸೆ ಇದ್ದರೂ ಫಾರ್ಮಸಿ ಡಿಗ್ರಿ ಸಾಕು. ಇವೆರಡಕ್ಕೂ ಜಿಪ್ಯಾಟ್ ಬೇಕಿಲ್ಲ. ಯಾರೋ ಬರೆಯುತ್ತಾರೆ ಅಂತ ಬರೆಯಬೇಡ, ಯಾರೋ ಬೇಡ ಅಂದರು ಅಂತ ಬಿಡಲೂ ಬೇಡ.

ಪೀಣ್ಯ ಪಾಸ್

ನಾನು ತುಮಕೂರಿನಿಂದ ದಿನಾ ರೈಲಿನಲ್ಲಿ ಹೋಗಿ ಬರುವವನು. ಯಶವಂತಪುರದಲ್ಲಿ ಇಳಿದು ಮೆಟ್ರೋ ಹಿಡಿದು ಪೀಣ್ಯ. ಕ್ಯೂಸಿಯಲ್ಲಿ ಐದನೇ ವರ್ಷ. ನಿಮಗೆ ಆಗಿರುವಂಥದ್ದೇ ಕೆಲಸ.

ಇಂಟರ್‌ವ್ಯೂನಲ್ಲಿ ನನ್ನನ್ನು ಇವತ್ತಿನವರೆಗೂ ಯಾರೂ ಜಿಪ್ಯಾಟ್ ಸ್ಕೋರ್ ಕೇಳಿಲ್ಲ. ಎಚ್‌ಪಿಎಲ್‌ಸಿ ಯಂತ್ರ ಓಡಿಸಲು ಬರುತ್ತಾ, ರಾತ್ರಿ ಪಾಳಿಗೆ ಬರ್ತೀರಾ ಅಂತ ಕೇಳುತ್ತಾರೆ. ಹಾಗಾಗಿ ಬರೀ ಕೆಲಸಕ್ಕೋಸ್ಕರ ಆದರೆ ಬೇಡ.

ಆದರೆ ನಾನು ಆ ಪರೀಕ್ಷೆಗೆ ಓದಿದ್ದೆ. ಆರು ತಿಂಗಳು ಓದಿದೆ, ಪಾಸಾಗಲಿಲ್ಲ. ಆ ಓದು ಏನಾಯಿತು ಅಂತ ಹೇಳುತ್ತೇನೆ.

ಕೆಲಸಕ್ಕೆ ಸೇರಿದ ಎರಡನೇ ವರ್ಷ ಒಂದು ಬ್ಯಾಚ್ ಮಾತ್ರೆ ಡಿಸಲ್ಯೂಷನ್‌ನಲ್ಲಿ ಹಿಂದೆ ಬೀಳುತ್ತಿತ್ತು. ಮಾತ್ರೆ ಎಷ್ಟು ಬೇಗ ಕರಗುತ್ತದೆ ಅಂತ ನೋಡುವ ಪರೀಕ್ಷೆ ಅದು. ಗೊತ್ತಲ್ಲ, ಆರು ಗಾಜಿನ ಪಾತ್ರೆ, ಒಂದೊಂದರಲ್ಲೂ 900 ಮಿಲಿ ದ್ರವ, 37 ಡಿಗ್ರಿ ಬಿಸಿ, ಪ್ಯಾಡಲ್ ನಿಮಿಷಕ್ಕೆ 50 ಸುತ್ತು. ಹಿಂದಿನ ಬ್ಯಾಚಿನ ಮಾತ್ರೆ ಹತ್ತು ನಿಮಿಷಕ್ಕೆ ಪುಡಿಯಾಗಿ ತಳಕ್ಕೆ ಬಂದು ಕರಗುತ್ತಿತ್ತು. ಇದು ತಳದಲ್ಲಿ ಗಟ್ಟಿಯಾಗಿ ಕೂತೇ ಇತ್ತು. ಮೇಲೆಲ್ಲ ನೀರೇ ಅಂಟದ ಹಾಗೆ. ಎಲ್ಲರೂ ಯಂತ್ರ ನೋಡುತ್ತಿದ್ದರು. ನನಗೆ ಥಟ್ಟನೆ ಜಿಪ್ಯಾಟ್‌ಗೆ ಓದಿದ ಒಂದು ಸಾಲು ನೆನಪಾಯಿತು. ಮಾತ್ರೆಯ ಪುಡಿ ಯಂತ್ರಕ್ಕೆ ಅಂಟದಿರಲಿ ಅಂತ ಹಾಕುವ ಮೆಗ್ನೀಸಿಯಂ ಸ್ಟಿಯರೇಟ್ ಅನ್ನು ಜಾಸ್ತಿ ಹೊತ್ತು ಮಿಕ್ಸ್ ಮಾಡಿದರೆ ಅದು ಪುಡಿಯ ಮೇಲೆ ಜಿಡ್ಡಿನ ಪದರದ ಹಾಗೆ ಹರಡಿಕೊಳ್ಳುತ್ತದೆ, ನೀರು ಒಳಗೆ ಹೋಗುವುದಿಲ್ಲ. ಹೆದರಿಕೊಂಡೇ ಹೇಳಿದೆ. ಬ್ಯಾಚ್ ರೆಕಾರ್ಡ್ ತೆಗೆದು ನೋಡಿದರು. ಬ್ಲೆಂಡರ್ ಬರೆದಿದ್ದಕ್ಕಿಂತ ಹೆಚ್ಚು ಹೊತ್ತು ತಿರುಗಿತ್ತು.

ಬಿ.ಫಾರ್ಮ್‌ನಲ್ಲೂ ಅದು ಇತ್ತು. ಆಗ ಮಾರ್ಕ್ಸಿಗೆ ಓದಿದ್ದು, ಮರೆತುಹೋಗಿತ್ತು. ಎಲ್ಲ ವಿಷಯ ಒಟ್ಟಿಗೆ ಇಟ್ಟುಕೊಂಡು ಮತ್ತೊಂದು ಸಲ ಓದಿದ್ದು ಈ ಪರೀಕ್ಷೆಗೋಸ್ಕರ ಮಾತ್ರ.

ತಿಪಟೂರು ಹುಡುಗಿ

ಎಲ್ಲರಿಗೂ ಥ್ಯಾಂಕ್ಸ್. ಶಿರಾದ ಅಕ್ಕ, ನಿಮ್ಮ ಗೆಳತಿಯ ವಿಷಯ ಓದಿ ಬೇಜಾರಾಯಿತು.

ಕುಣಿಗಲ್ ಅಣ್ಣ ಕೇಳಿದ ಪ್ರಶ್ನೆಗೆ ಉತ್ತರ: ಅಂಗಡಿ ಇಡುವ ಯೋಚನೆ ಇಲ್ಲ. ನನಗೆ ಫಾರ್ಮಕಾಲಜಿ, ಅಂದರೆ ಔಷಧಿ ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆ ಅನ್ನುವ ವಿಷಯ, ಇಷ್ಟ. ಪಾಠ ಮಾಡುವುದು ಅಂದರೆ ಇನ್ನೂ ಇಷ್ಟ. ಪಿಜಿಯಲ್ಲಿ ಜೂನಿಯರ್‌ಗಳಿಗೆ ನಾನೇ ಹೇಳಿಕೊಡುತ್ತೇನೆ. ಆದರೆ ಈಗಲೇ ಎರಡು ವರ್ಷ ಮತ್ತೆ ಓದುತ್ತೇನೆ ಅನ್ನುವ ಧೈರ್ಯ ಇಲ್ಲ. ಮನೆಗೆ ಒಂದೆರಡು ವರ್ಷವಾದರೂ ಸಂಬಳ ಕೊಡಬೇಕು ಅಂತ ಆಸೆ. ಅದಕ್ಕೇ ಈಗ ಕೆಲಸಕ್ಕೆ ಹೋಗುವುದಾದರೆ ಈಗ ಪರೀಕ್ಷೆ ಬರೆದು ಏನು ಪ್ರಯೋಜನ ಅನಿಸುತ್ತದೆ.

ಕ್ಯಾತ್ಸಂದ್ರ ಮೇಷ್ಟ್ರು

ಮಗು, ನೀನು ಎರಡು ಪ್ರಶ್ನೆಗಳನ್ನು ಒಂದೇ ಗಂಟು ಹಾಕಿಕೊಂಡಿದ್ದೀಯ. ಜಿಪ್ಯಾಟ್ ಬರೆಯಬೇಕಾ ಅನ್ನುವುದು ಒಂದು. ಈ ವರ್ಷವೇ ಎಂ.ಫಾರ್ಮ್ ಸೇರಬೇಕಾ ಅನ್ನುವುದು ಇನ್ನೊಂದು. ಎರಡೂ ಒಂದೇ ಅಲ್ಲ.

ಜಿಪ್ಯಾಟ್ ಸ್ಕೋರ್‌ಗೆ ಮೂರು ವರ್ಷ ಮಾನ್ಯತೆ ಇದೆ. ಸ್ಕಾಲರ್‌ಶಿಪ್‌ಗೆ ನೋಡುವುದು ಎಂ.ಫಾರ್ಮ್ ಸೇರುವ ಹೊತ್ತಿಗೆ ಸ್ಕೋರ್ ಚಾಲ್ತಿಯಲ್ಲಿದೆಯಾ ಅಂತ. ಈಗ ಬರೆದು, ಎರಡು ವರ್ಷ ಪೀಣ್ಯದಲ್ಲಿ ಕೆಲಸ ಮಾಡಿ, ಆಮೇಲೆ ಅದೇ ಸ್ಕೋರ್ ಹಿಡಿದು ಸೇರಬಹುದು. ಕೆಲಸ ಬಿಡಬೇಕು ಅಂತ ಯಾರೂ ಹೇಳುತ್ತಿಲ್ಲ. ಹದಿನಾಲ್ಕು ವರ್ಷ ಪಾಠ ಮಾಡಿದ್ದೇನೆ, ಈ ಒಂದು ವಿಷಯ ಗೊತ್ತಿಲ್ಲದೆ ಬಿಟ್ಟುಬಿಟ್ಟ ಮಕ್ಕಳನ್ನು ಪ್ರತಿ ವರ್ಷ ನೋಡುತ್ತೇನೆ. ಆಮೇಲೆ ಕೆಲಸದಲ್ಲಿದ್ದುಕೊಂಡು ಬರೆಯುತ್ತೇನೆ ಅಂತಾರೆ. ಪಾಳಿ ಕೆಲಸ ಮುಗಿಸಿ ಬಂದು ರಾತ್ರಿ ಹನ್ನೊಂದಕ್ಕೆ ಮೆಡಿಸಿನಲ್ ಕೆಮಿಸ್ಟ್ರಿ ಓದುವುದು ಎಷ್ಟು ಕಷ್ಟ ಅಂತ ಪೀಣ್ಯ ಪಾಸ್ ಅವರೇ ಹೇಳಲಿ.

ಕೊನೆಯ ವರ್ಷದಲ್ಲಿರುವವರೂ ಬರೆಯಬಹುದು. ವಯಸ್ಸಿನ ಮಿತಿ ಇಲ್ಲ. ಓದಿದ್ದು ತಲೆಯಲ್ಲಿ ಬಿಸಿಯಾಗಿರುವುದು ಈಗಲೇ.

ಪಾಠ ಮಾಡುವ ಆಸೆ ಇದೆ ಅಂದೆಯಲ್ಲ, ಬಿ.ಫಾರ್ಮ್ ಕಾಲೇಜಿನಲ್ಲಿ ಲೆಕ್ಚರರ್ ಆಗಬೇಕಾದರೆ ಎಂ.ಫಾರ್ಮ್ ಬೇಕೇ ಬೇಕು. ಅಂದಮೇಲೆ ಇವತ್ತಲ್ಲ ನಾಳೆ ನೀನು ಅದನ್ನು ಮಾಡುವವಳೇ.

ಈಗ ಪರೀಕ್ಷೆ ಹೇಗಿರುತ್ತದೆ ಅಂತ. 125 ಪ್ರಶ್ನೆ, 500 ಅಂಕ, ಮೂರು ಗಂಟೆ, ಕಂಪ್ಯೂಟರ್‌ನಲ್ಲಿ. ಸರಿ ಉತ್ತರಕ್ಕೆ 4, ತಪ್ಪಿಗೆ 1 ಕಳೆಯುತ್ತಾರೆ. ಫಾರ್ಮಸ್ಯೂಟಿಕಲ್ ಕೆಮಿಸ್ಟ್ರಿ ಮತ್ತು ಅದರ ಜೊತೆಯ ವಿಷಯಗಳಿಂದ 38, ಫಾರ್ಮಸ್ಯೂಟಿಕ್ಸ್ ಕಡೆಯಿಂದ 38, ಫಾರ್ಮಕಾಲಜಿ ಕಡೆಯಿಂದ 28, ಫಾರ್ಮಕಾಗ್ನಸಿ (ಗಿಡಮೂಲಿಕೆ ಔಷಧಿಗಳ ವಿಷಯ) 10, ಉಳಿದ ವಿಷಯಗಳು 11. ಪ್ರಶ್ನೆಪತ್ರಿಕೆ ಇಂಗ್ಲಿಷ್‌ನಲ್ಲಿ ಮಾತ್ರ. ನಿನಗೆ ಇಷ್ಟವಾದ ಫಾರ್ಮಕಾಲಜಿ ಒಂದನ್ನೇ ನಂಬಿಕೊಂಡರೆ ಆಗುವುದಿಲ್ಲ, ಕೆಮಿಸ್ಟ್ರಿ ಬಿಟ್ಟವರು ಪಾಸಾಗುವುದು ಕಷ್ಟ.

ಸೀನಿಯರ್‌ಗಳ ಹಳೆಯ ಕಾಗದ ನೋಡಿ ಗೊಂದಲ ಮಾಡಿಕೊಳ್ಳಬೇಡ. 2018ರವರೆಗೆ ಇದನ್ನು ಎಐಸಿಟಿಇ ನಡೆಸುತ್ತಿತ್ತು, 2019ರಿಂದ 2023ರವರೆಗೆ ಎನ್‌ಟಿಎ (ರಾಷ್ಟ್ರೀಯ ಪರೀಕ್ಷಾ ಸಂಸ್ಥೆ), 2024ರಿಂದ ಎನ್‌ಬಿಇಎಂಎಸ್ (ವೈದ್ಯಕೀಯ ಪರೀಕ್ಷೆಗಳ ರಾಷ್ಟ್ರೀಯ ಮಂಡಳಿ). ಅರ್ಜಿ ಅವರ ವೆಬ್‌ಸೈಟ್‌ನಲ್ಲೇ. 2024ರಲ್ಲಿ ಜೂನ್ 8ಕ್ಕೆ ನಡೆಯಿತು, 2025ರಲ್ಲಿ ಮೇ 25ಕ್ಕೆ. ದಿನಾಂಕ ಪ್ರತಿ ವರ್ಷ ಬದಲಾಗುತ್ತದೆ, ಅರ್ಜಿ ಬಿಟ್ಟಾಗ ಕಣ್ಣಿಟ್ಟಿರಬೇಕು. 2025ರಲ್ಲಿ ಸಾಮಾನ್ಯ ವರ್ಗಕ್ಕೆ ಅರ್ಜಿ ಶುಲ್ಕ 3,500 ರೂಪಾಯಿ ಇತ್ತು.

ಪೀಣ್ಯ ಪಾಸ್

ಮೇಷ್ಟ್ರು ಹೇಳಿದ್ದು ಸತ್ಯ. ಕೆಲಸಕ್ಕೆ ಸೇರಿದ ಮೇಲೆ ಮತ್ತೆ ಬರೆಯೋಣ ಅಂತ ಪುಸ್ತಕ ರೈಲಿಗೆ ತೆಗೆದುಕೊಂಡು ಹೋಗುತ್ತಿದ್ದೆ. ಬೆಳಗ್ಗೆ ಜನಜಂಗುಳಿ, ನಿಂತುಕೊಂಡೇ ಹೋಗಬೇಕು. ಸಂಜೆ ಸೀಟು ಸಿಕ್ಕರೆ ದೊಡ್ಡಬೆಲೆ ಬರುವಷ್ಟರಲ್ಲಿ ನಿದ್ದೆ. ಎರಡು ತಿಂಗಳಲ್ಲಿ ಒಂದು ಅಧ್ಯಾಯ ಆಯಿತು. ಮೂರು ವರ್ಷದ ಮಾನ್ಯತೆ ನನಗೂ ಆಗ ಗೊತ್ತಿರಲಿಲ್ಲ.

ಮಧುಗಿರಿಯವನು

ಎಲ್ಲರೂ ಬರೆಯಿರಿ ಅಂತಾರೆ. ನಾನು ಇನ್ನೊಂದು ಕಡೆಯದನ್ನು ಹೇಳಬೇಕು.

ನಾನು ಎರಡು ಸಲ ಬರೆದೆ. ಮೊದಲನೇ ಸಲ ಕಾಲೇಜಿನಲ್ಲಿದ್ದಾಗ, ಸರಿಯಾಗಿ ಓದದೆ. ಎರಡನೇ ಸಲ ಒಂದು ವರ್ಷ ಮನೆಯಲ್ಲೇ ಕೂತು. ಬೇರೆ ಊರಿನಲ್ಲಿ ಕೋಚಿಂಗ್, ರೂಮು, ಊಟ. ಅಮ್ಮ ಸ್ವಸಹಾಯ ಸಂಘದಲ್ಲಿ ಸಾಲ ಮಾಡಿದರು. ಸ್ವಲ್ಪದರಲ್ಲಿ ಹೋಯಿತು. ಫಲಿತಾಂಶ ಬಂದ ದಿನ ಅಮ್ಮ ಏನೂ ಕೇಳಲಿಲ್ಲ, ಮುದ್ದೆ ಬಡಿಸಿದರು, ತಟ್ಟೆಯ ಮುಂದೆ ಕೂತು ನನಗೆ ಕೈ ಹೋಗಲಿಲ್ಲ. ಜೊತೆಯವರು ಅಷ್ಟು ಹೊತ್ತಿಗೆ ಒಂದು ವರ್ಷದ ಅನುಭವ ಸಂಪಾದಿಸಿದ್ದರು. ನಾನು ಅವರ ಜೂನಿಯರ್ ಆಗಿ ಸೇರಿದೆ.

ಪರೀಕ್ಷೆ ಕೆಟ್ಟದ್ದು ಅನ್ನುತ್ತಿಲ್ಲ. ಅದಕ್ಕೋಸ್ಕರ ವರ್ಷ ಬಿಡಬೇಡಿ. ಕೈಯಲ್ಲಿರುವ ಕೆಲಸ ಬಿಡಬೇಡಿ. ಕಾಲೇಜಿನಲ್ಲಿ ಇರುವಾಗಲೇ ಒಂದು ಸಲ ಚೆನ್ನಾಗಿ ಬರೆಯಿರಿ, ಆದರೆ ಆಯಿತು, ಆಗದಿದ್ದರೆ ಜುಲೈನಲ್ಲಿ ಕೆಲಸಕ್ಕೆ ಹೋಗಿ. ನನಗೆ ಇದನ್ನು ಆಗ ಯಾರಾದರೂ ಹೇಳಿದ್ದರೆ ಅಮ್ಮನ ಸಾಲ ಇರುತ್ತಿರಲಿಲ್ಲ.

ಶಿರಾದ ಅಕ್ಕ

ಮಧುಗಿರಿ ಅಣ್ಣ, ಇದನ್ನು ಬರೆದದ್ದಕ್ಕೆ ನಿಮಗೆ ಕೈ ಮುಗಿಯಬೇಕು. ಪಾಸಾದವರ ಮಾತು ಮಾತ್ರ ಎಲ್ಲ ಕಡೆ ಕೇಳುತ್ತದೆ.

ಗೌರಿಬಿದನೂರು

ನಮ್ಮ ಚಿಕ್ಕಪ್ಪನ ಮಗಳು ಅಮೆರಿಕದಲ್ಲಿ ಫಾರ್ಮಸಿ ಓದಿದಳು. ಅಲ್ಲಿ ಪಿಸಿಎಟಿ ಅಂತ ಒಂದು ಪ್ರವೇಶ ಪರೀಕ್ಷೆ ಇತ್ತು. ಕಾಲೇಜುಗಳು ಒಂದೊಂದಾಗಿ ಅದನ್ನು ಕಡ್ಡಾಯ ಅಲ್ಲ ಅಂತ ಮಾಡುತ್ತಾ ಬಂದವು. ಕಡೆಗೆ 2024ರ ಜನವರಿಗೆ ಆ ಪರೀಕ್ಷೆಯೇ ನಿಂತುಹೋಯಿತು. ಅವಳು ಕೂಡ ಬರೆಯದೆ ಸೇರಿದಳು, ಏನೂ ನಷ್ಟ ಆಗಲಿಲ್ಲ. ಇಲ್ಲೂ ಹಾಗೇ ಆಗಬಹುದಲ್ವಾ, ಅಷ್ಟು ಯಾಕೆ ಒದ್ದಾಡಬೇಕು?

ಕ್ಯಾತ್ಸಂದ್ರ ಮೇಷ್ಟ್ರು

ಅದಕ್ಕೂ ಇದಕ್ಕೂ ತಾಳೆ ಆಗುವುದಿಲ್ಲ ಸರ್. ಅಲ್ಲಿ ಅದು ಡಾಕ್ಟರ್ ಆಫ್ ಫಾರ್ಮಸಿ ಕೋರ್ಸಿಗೆ ಸೇರುವ ಬಾಗಿಲಿನ ಪರೀಕ್ಷೆ, ಕಾಲೇಜು ಬೇಡ ಅಂದರೆ ಅಲ್ಲಿಗೆ ಮುಗಿಯಿತು. ಇಲ್ಲಿ ಕಾಲೇಜು ಬೇಡ ಅಂದರೂ ಸ್ಕಾಲರ್‌ಶಿಪ್ ಕೊಡುವವರು ಬೇಕು ಅಂತಾರೆ. ಕೇಂದ್ರ ಸರ್ಕಾರದ ಫಾರ್ಮಸಿ ಸಂಸ್ಥೆ ನೈಪರ್‌ನವರೂ ಬೇಕು ಅಂತಾರೆ. ಕಡ್ಡಾಯ ಅಲ್ಲ ಅನ್ನುವುದು ಸೀಟಿಗೆ ಮಾತ್ರ ಅನ್ವಯ. ನಮ್ಮ ಮಕ್ಕಳು ಎಡವುವುದು ಇಲ್ಲೇ.

ಪಾವಗಡ ಟು ಹೈದರಾಬಾದ್

ನೈಪರ್ ಹೆಸರು ಬಂದಿದ್ದಕ್ಕೆ ನಾನೂ ಬಂದೆ. ನಾನು ಹೈದರಾಬಾದಿನ ನೈಪರ್‌ನಲ್ಲಿ ಓದಿದವಳು, ಬಾಲಾನಗರದ ಕ್ಯಾಂಪಸ್. ಮೊಹಾಲಿಯದು ಮೊದಲು ಆಗಿದ್ದು. ಆಮೇಲೆ ಅಹಮದಾಬಾದ್, ಗುವಾಹಟಿ, ಹಾಜಿಪುರ, ಹೈದರಾಬಾದ್, ಕೋಲ್ಕತ್ತ, ರಾಯ್‌ಬರೇಲಿ ಸೇರಿ ಒಟ್ಟು ಏಳು. ಕರ್ನಾಟಕದಲ್ಲಿ ಇಲ್ಲ. ನಮ್ಮ ಪಾವಗಡದವರಿಗೆ ತೆಲುಗು ಬರುತ್ತದೆ, ಹೈದರಾಬಾದ್ ಪರಊರು ಅನಿಸುವುದಿಲ್ಲ.

ನೈಪರ್‌ನ ಜಂಟಿ ಪ್ರವೇಶ ಪರೀಕ್ಷೆ ಬರೆಯಬೇಕಾದರೆ ಜಿಪ್ಯಾಟ್ ಅರ್ಹತೆ ಇರಬೇಕು. ಆ ಬಾಗಿಲು ಬೇಕಾ ಬೇಡವಾ ಅಂತ ಇವತ್ತು ನಿಮಗೆ ಗೊತ್ತಿರುವುದಿಲ್ಲ. ನನಗೂ ಗೊತ್ತಿರಲಿಲ್ಲ. ಜಿಪ್ಯಾಟ್ ಫಲಿತಾಂಶ ಬಂದ ಮೇಲೆ ಸೀನಿಯರ್ ಒಬ್ಬರು ಹೇಳಿದ್ದರಿಂದ ಬರೆದೆ.

ಉತ್ತರ ಊಹಿಸುವುದರ ಬಗ್ಗೆಯೂ ಒಂದು ಮಾತು. ಮೈನಸ್ ಅಂಕ ಅಂತ ಕೇಳಿ ನನ್ನ ಗೆಳತಿಯರು ಅರ್ಧ ಪ್ರಶ್ನೆ ಖಾಲಿ ಬಿಟ್ಟು ಬಂದರು. ಲೆಕ್ಕ ಹಾಕಿ ನೋಡಿ. ಒಂದು ಸರಿಗೆ 4, ನಾಲ್ಕು ತಪ್ಪಿಗೆ 4 ಹೋಗುತ್ತದೆ. ಅಂದರೆ ಐದರಲ್ಲಿ ಒಂದು ಸರಿಯಾದರೂ ನಷ್ಟ ಇಲ್ಲ. ಆಯ್ಕೆ ಇರುವುದು ನಾಲ್ಕು. ಎರಡು ತಪ್ಪು ಅಂತ ಖಚಿತವಾಗಿ ತೆಗೆದುಹಾಕಿದಿರಿ ಅಂದುಕೊಳ್ಳಿ, ಉಳಿದ ಎರಡರಲ್ಲಿ ಒಂದನ್ನು ಗುರುತು ಹಾಕಿದರೆ ಪ್ರಶ್ನೆಗೆ ಸರಾಸರಿ ಒಂದೂವರೆ ಅಂಕ ಬರುತ್ತದೆ. ಹೆದರಿ ಬಿಡಬೇಡಿ.

ಪ್ರಶ್ನೆಗಳಲ್ಲಿ ಕೆಲವು ತೀರಾ ಸರಳ ಇರುತ್ತವೆ. ಒಂದು ಔಷಧಿಯ ಅರ್ಧಾಯುಷ್ಯ 4 ಗಂಟೆ, 400 ಮಿಲಿಗ್ರಾಂ ರಕ್ತನಾಳಕ್ಕೆ ಕೊಟ್ಟರೆ 12 ಗಂಟೆ ಆದ ಮೇಲೆ ದೇಹದಲ್ಲಿ ಎಷ್ಟು ಉಳಿಯುತ್ತದೆ ಅನ್ನುವ ಥರದ್ದು. 12 ಗಂಟೆ ಅಂದರೆ ಮೂರು ಸಲ ಅರ್ಧ. 200, 100, 50. ಬೆರಳಿನಲ್ಲಿ ಎಣಿಸಬಹುದು. ಆದರೆ ಅರ್ಥ ಮಾಡಿಕೊಳ್ಳದೆ ಸೂತ್ರ ಉರು ಹೊಡೆದವರು ಲಾಗ್ ಹುಡುಕುತ್ತಾ ಎರಡು ನಿಮಿಷ ಕಳೆಯುತ್ತಾರೆ.

ತಿಪಟೂರು ಹುಡುಗಿ

ಮೂರು ವರ್ಷದ ವಿಷಯ ನನಗೆ ಗೊತ್ತೇ ಇರಲಿಲ್ಲ ಸರ್. ನಮ್ಮ ಕ್ಲಾಸಿನಲ್ಲಿ ಯಾರಿಗೂ ಗೊತ್ತಿಲ್ಲ ಅನಿಸುತ್ತದೆ. ನಿನ್ನೆ ರಾತ್ರಿ ಓದಿ ಎಷ್ಟೋ ಹೊತ್ತು ನಿದ್ದೆ ಬರಲಿಲ್ಲ.

ಆದರೂ ಒಂದು ಅಳುಕು. ನಾಲ್ಕು ತಿಂಗಳು ಸಾಕಾ? ಪ್ರಾಜೆಕ್ಟ್‌ಗೆ ಲ್ಯಾಬ್‌ನಲ್ಲಿ ಸಂಜೆ ಐದರವರೆಗೆ ಇರಬೇಕು. ಕೋಚಿಂಗ್‌ಗೆ ದುಡ್ಡು ಕೇಳುವುದಿಲ್ಲ ಅಂತ ತೀರ್ಮಾನ ಮಾಡಿದ್ದೇನೆ.

ಕ್ಯಾತ್ಸಂದ್ರ ಮೇಷ್ಟ್ರು

ಸಾಕಾಗುತ್ತದೆ, ದಿನಾ ಮೂರು ಗಂಟೆ ಕೊಟ್ಟರೆ. ಎಂಟನೇ ಸೆಮಿಸ್ಟರ್‌ನ ಥಿಯರಿ ಸ್ವಲ್ಪ ಹಗುರ, ಬಯೋಸ್ಟ್ಯಾಟಿಸ್ಟಿಕ್ಸು, ಸೋಶಿಯಲ್ ಫಾರ್ಮಸಿ, ಆಮೇಲೆ ಆಯ್ಕೆ ವಿಷಯಗಳು. ನಿನಗೆ ಬೇಕಾದ ಸರಕು ಇರುವುದು ನಾಲ್ಕು, ಐದು, ಆರನೇ ಸೆಮಿಸ್ಟರ್‌ನಲ್ಲಿ. ಮೆಡಿಸಿನಲ್ ಕೆಮಿಸ್ಟ್ರಿ ಮೂರು ಭಾಗ, ಫಾರ್ಮಕಾಲಜಿ ಮೂರು ಭಾಗ, ಎಲ್ಲ ಅಲ್ಲೇ. ಅವನ್ನು ಬೇರೆ ಬೇರೆ ಓದಬೇಡ. ಬೀಟಾ ಬ್ಲಾಕರ್ ಓದುವ ದಿನ ಅದರ ರಚನೆ, ಅದು ಕೆಲಸ ಮಾಡುವ ರೀತಿ, ಅಡ್ಡಪರಿಣಾಮ, ಎಲ್ಲ ಒಂದೇ ಹಾಳೆಯಲ್ಲಿ ಬರಲಿ. ಏಳನೇ ಸೆಮಿಸ್ಟರ್‌ನ ಇನ್‌ಸ್ಟ್ರುಮೆಂಟಲ್ ಅನಾಲಿಸಿಸ್ ಈಗಷ್ಟೇ ಓದಿದ್ದೀಯ, ಅದು ಪೀಣ್ಯದ ಕೆಲಸಕ್ಕೂ ಆಗುತ್ತದೆ.

ಕೋಚಿಂಗ್ ಇಲ್ಲದೆ ಪಾಸಾದ ಮಕ್ಕಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಿಮ್ಮ ಏಳು ಜನ ಸೇರಿ ವಾರಕ್ಕೊಂದು ದಿನ ಗಡಿಯಾರ ಇಟ್ಟುಕೊಂಡು ಮೂರು ಗಂಟೆ ಹಳೆಯ ಪತ್ರಿಕೆ ಬಿಡಿಸಿ. ನೀನು ಜೂನಿಯರ್‌ಗಳಿಗೆ ಹೇಳಿಕೊಡುತ್ತೀಯಲ್ಲ, ಅದನ್ನು ನಿಲ್ಲಿಸಬೇಡ. ಹೇಳಿಕೊಟ್ಟಿದ್ದು ಮರೆಯುವುದಿಲ್ಲ.

ಗುಬ್ಬಿಯ ಅಪ್ಪ

ನನ್ನ ಮಗನೂ ಫಾರ್ಮಸಿ ಓದುತ್ತಿದ್ದಾನೆ, ಎರಡನೇ ವರ್ಷ. ಅದಕ್ಕೇ ಇದೆಲ್ಲ ಓದುತ್ತಿದ್ದೆ. ನಾನು ತೆಂಗು, ಅಡಿಕೆ ಇಟ್ಟುಕೊಂಡಿರುವವನು, ಓದಿದ್ದು ಎಸ್‌ಎಸ್‌ಎಲ್‌ಸಿ.

ಮಗಳೇ, ನಿಮ್ಮ ಅಪ್ಪ ಏನೂ ಹೇಳುವುದಿಲ್ಲ ಅಂದೆಯಲ್ಲ. ಹೇಳಲು ಅವರಿಗೆ ಗೊತ್ತಿಲ್ಲಮ್ಮ. ನನ್ನ ಮಗ ಜಿಪ್ಯಾಟ್ ಅಂದರೆ ನನಗೂ ಒಂದು ಹೆಸರು ಅಷ್ಟೇ. ಒಂದು ದಿನ ಊರಿಗೆ ಹೋಗಿ ಅವರ ಪಕ್ಕ ಕೂತು ಹೇಳು. ಇಷ್ಟು ತಿಂಗಳು ಓದುತ್ತೇನೆ, ಅರ್ಜಿಗೆ ಇಷ್ಟು, ಆದರೆ ತಿಂಗಳಿಗೆ ಇಷ್ಟು ಬರುತ್ತದೆ, ಆಗದಿದ್ದರೆ ಕೆಲಸ ಇದೆ ಅಂತ. ತಿಪಟೂರಿನವರಿಗೆ ಹೇಳಬೇಕಾ, ಕಾಯಿ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತೇವೆ, ಒಳಗೆ ಗಿಟುಕು ಅಲ್ಲಾಡುವವರೆಗೆ ಮುಟ್ಟುವುದಿಲ್ಲ. ಕಾಯುವುದು ನಮಗೆ ಅಭ್ಯಾಸ. ಎಷ್ಟು ದಿನ ಅಂತ ಗೊತ್ತಿದ್ದರೆ ಸಾಕು.

ಶಿರಾದ ಅಕ್ಕ

ಇನ್ನೂ ಒಂದು ವಿಷಯ ಹೇಳಲೇಬೇಕು, ನಾನು ಅನುಭವಿಸಿದ್ದು. ಪಾಸಾದರೆ ದುಡ್ಡು ತಾನಾಗಿ ಬರುವುದಿಲ್ಲ.

ಸೇರುವ ಮೊದಲೇ ಕಾಲೇಜಿನಲ್ಲಿ ಬಾಯಿಬಿಟ್ಟು ಕೇಳಿ, ಈ ಕೋರ್ಸಿಗೆ ಎಐಸಿಟಿಇ ಮನ್ನಣೆ ಇದೆಯಾ, ಹಿಂದಿನ ಬ್ಯಾಚಿನವರಿಗೆ ಸ್ಕಾಲರ್‌ಶಿಪ್ ಬಂದಿದೆಯಾ ಅಂತ. ಫಾರ್ಮಸಿ ಶಿಕ್ಷಣದ ಅಧಿಕಾರ ಫಾರ್ಮಸಿ ಕೌನ್ಸಿಲ್‌ದೇ ಅಂತ 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಕೌನ್ಸಿಲ್ ಮನ್ನಣೆ ಒಂದಿದ್ದರೂ ಕಾಲೇಜು ನಡೆಯುತ್ತದೆ. ಸ್ಕಾಲರ್‌ಶಿಪ್ ಕೊಡುವುದು ಎಐಸಿಟಿಇ, ಅದು ಬೇರೆ ಮಾತು. ಹಿಂದಿನ ಬ್ಯಾಚಿನ ವಿದ್ಯಾರ್ಥಿಯನ್ನೇ ಹುಡುಕಿ ಕೇಳುವುದು ಇನ್ನೂ ಒಳ್ಳೆಯದು.

ಆಮೇಲೆ ಕಾಲೇಜಿನವರು ಪೋರ್ಟಲ್‌ನಲ್ಲಿ ನಿಮ್ಮ ಐಡಿ ಮಾಡಿಕೊಡಬೇಕು, ಅದರಿಂದ ನೀವು ಅರ್ಜಿ ತುಂಬಬೇಕು, ಅವರು ಪರಿಶೀಲಿಸಬೇಕು. ಕೊನೇ ದಿನಾಂಕ ತಪ್ಪಿದರೆ ಹೋಯಿತು.

ಬ್ಯಾಂಕಿನದು ಇನ್ನೊಂದು ಕಥೆ. ನನ್ನ ಖಾತೆಗೆ ಆಧಾರ್ ಲಿಂಕ್ ಆಗಿದೆ ಅಂತ ಬ್ಯಾಂಕಿನಲ್ಲಿ ಹೇಳಿದ್ದರು. ನಾಲ್ಕು ತಿಂಗಳು ದುಡ್ಡು ಬರಲಿಲ್ಲ. ನೋಡಿದರೆ ಕೆವೈಸಿಗೆ ಆಧಾರ್ ಕೊಟ್ಟಿದ್ದೇ ಹೊರತು ನೇರ ವರ್ಗಾವಣೆಗೆ ಸೀಡಿಂಗ್ ಆಗಿರಲಿಲ್ಲ. ಲಿಂಕ್ ಬೇರೆ, ಸೀಡಿಂಗ್ ಬೇರೆ. ಶಿರಾಕ್ಕೆ ಮೂರು ಸಲ ಬಂದು ಹೋದೆ, ಮೂರನೇ ಸಲ ಬೇರೆ ಫಾರ್ಮ್ ಕೊಟ್ಟರು, ಹತ್ತು ನಿಮಿಷದ ಕೆಲಸ. ನೀವು ಈಗಲೇ ಮಾಡಿಸಿಟ್ಟುಕೊಳ್ಳಿ.

ಸ್ಕಾಲರ್‌ಶಿಪ್ ತೆಗೆದುಕೊಳ್ಳುವಾಗ ಬೇರೆ ಸಂಬಳ, ಸ್ಟೈಪೆಂಡ್ ಇರಬಾರದು. ಕೆಲಸ ಮಾಡುತ್ತಾ ಇದನ್ನೂ ತೆಗೆದುಕೊಳ್ಳೋಣ ಅಂತ ಲೆಕ್ಕ ಹಾಕಬೇಡಿ.

ಕುಣಿಗಲ್ ಅಂಗಡಿ

ಅಂಗಡಿ ಇಡುವುದಿಲ್ಲ, ಪಾಠ ಮಾಡುತ್ತೇನೆ ಅಂತ ಹೇಳಿದೆಯಲ್ಲ ತಾಯಿ, ಹಾಗಾದರೆ ನನ್ನ ಮತವೂ ಬರೆ ಅಂತಲೇ. ನನ್ನ ಅಂಗಡಿಗೆ ಟ್ರೈನಿಂಗ್‌ಗೆ ಬರುವ ಹುಡುಗರಿಗೆ ಆ್ಯಂಟಿಬಯಾಟಿಕ್ ಯಾಕೆ ಪೂರ್ತಿ ಕೋರ್ಸ್ ಮುಗಿಸಬೇಕು ಅಂತ ಕೇಳಿದರೆ ಬಾಯಿ ಬಿಡುವುದಿಲ್ಲ. ಒಳ್ಳೆ ಮೇಷ್ಟರು ಬೇಕು ನಮಗೆ.

ತಿಪಟೂರು ಹುಡುಗಿ

ಭಾನುವಾರ ಊರಿಗೆ ಹೋಗಿದ್ದೆ. ಗುಬ್ಬಿಯ ಅಪ್ಪ ಹೇಳಿದ ಹಾಗೇ ಮಾಡಿದೆ. ತಮ್ಮನ ರಫ್ ನೋಟಿನ ಒಂದು ಹಾಳೆಯಲ್ಲಿ ಬರೆದು ತೋರಿಸಿದೆ. ಅರ್ಜಿಗೆ ಇಷ್ಟು, ಓದುವುದು ನಾಲ್ಕು ತಿಂಗಳು, ಜುಲೈನಿಂದ ಕೆಲಸ, ಎರಡು ವರ್ಷ ಸಂಬಳ, ಆಮೇಲೆ ಎಂ.ಫಾರ್ಮ್, ತಿಂಗಳಿಗೆ 12,400. ಅಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಇದು ಮೊದಲೇ ಹೇಳಬಾರದಿತ್ತಾ" ಅಂದರು. ಹಾಳೆ ಮಡಚಿ ಕೊಬ್ಬರಿ ಲೆಕ್ಕದ ಪುಸ್ತಕದೊಳಗೆ ಇಟ್ಟುಕೊಂಡರು. ಆಗದಿದ್ದರೆ ಅಂತ ನಾನು ಶುರು ಮಾಡಿದೆ. ಆಗದಿದ್ದರೆ ಕೆಲಸಕ್ಕೆ ಹೋಗ್ತೀಯ, ಇಲ್ಲೇ ಬರೆದಿದ್ದೀಯಲ್ಲ ಅಂದರು.

ಹಾಗಾಗಿ ಬರೆಯುತ್ತೇನೆ. ಒಂದೇ ಸಲ, ವರ್ಷ ಬಿಡದೆ, ಕೆಲಸ ಬಿಡದೆ. ಮಧುಗಿರಿ ಅಣ್ಣ ಹೇಳಿದ ಗೆರೆ ದಾಟುವುದಿಲ್ಲ.

ಕ್ಲಾಸಿನಲ್ಲಿ ಮೂರು ವರ್ಷದ ವಿಷಯ ಹೇಳಿದೆ. ಏಳು ಜನ ಇದ್ದವರು ಈಗ ಹನ್ನೆರಡು ಆಗಿದ್ದೇವೆ. ಶನಿವಾರ ಮಧ್ಯಾಹ್ನ ಲೈಬ್ರರಿಯಲ್ಲಿ ಪತ್ರಿಕೆ ಬಿಡಿಸುವುದು ಅಂತ ಆಗಿದೆ. ಮೊದಲನೇ ವಾರ ನನಗೆ 500ಕ್ಕೆ 131 ಬಂತು. ಕೆಮಿಸ್ಟ್ರಿಯಲ್ಲೇ ಎಲ್ಲ ಹೋಯಿತು, ಮೇಷ್ಟ್ರು ಹೇಳಿದ ಹಾಗೆ.

ಪೀಣ್ಯ ಪಾಸ್

131 ಮೊದಲ ವಾರಕ್ಕೆ ಕಡಿಮೆ ಏನಲ್ಲ. ನನ್ನ ಮೆಡಿಸಿನಲ್ ಕೆಮಿಸ್ಟ್ರಿ ನೋಟ್ಸ್ ಎರಡು ರಿಂಗ್ ಬೈಂಡಿಂಗ್ ಇದೆ, ಸಲ್ಫಾದಿಂದ ಸ್ಟ್ಯಾಟಿನ್‌ವರೆಗೆ ಎಲ್ಲ ರಚನೆ ಕೈಯಲ್ಲೇ ಬರೆದಿದ್ದು. ಅಟ್ಟದಲ್ಲಿ ಸುಮ್ನೆ ಕೂತಿದೆ. ಮೇಷ್ಟ್ರೇ, ನಿಮ್ಮ ಕೈಗೆ ಕೊಟ್ಟರೆ ಈ ಹುಡುಗಿಗೆ ತಲುಪಿಸುತ್ತೀರಾ?

ಕ್ಯಾತ್ಸಂದ್ರ ಮೇಷ್ಟ್ರು

ಖಂಡಿತ. ಸಂಜೆ ರೈಲು ಕ್ಯಾತ್ಸಂದ್ರದಲ್ಲಿ ನಿಂತರೆ ಅಲ್ಲೇ ಇಳಿಯಿರಿ, ನಿಲ್ಲದಿದ್ದರೆ ತುಮಕೂರು ಸ್ಟೇಷನ್ನಿಗೇ ಬರುತ್ತೇನೆ. ಮೊದಲು ಹನ್ನೆರಡು ಜನಕ್ಕೂ ಜೆರಾಕ್ಸ್ ಮಾಡಿಸೋಣ, ಮೂಲ ನಿಮಗೇ ವಾಪಸ್. ನಿಮಗೂ ಮತ್ತೆ ಬೇಕಾಗಬಹುದು. ವಯಸ್ಸಿನ ಮಿತಿ ಇಲ್ಲ ಅಂತ ಆಗಲೇ ಹೇಳಿದ್ದೇನೆ.

ಪೀಣ್ಯ ಪಾಸ್

ನಾಳೆ ತರುತ್ತೇನೆ ಸರ್.